ಪೆಟ್ಟಿಗೆಗೆ ಮಂಗಳಾರತಿ, ಗಾಲಿಗೆ ಉಪವಾಸ

ಅಮೆರಿಕದ ಯಾವುದೇ ಪಿಕಪ್ ಷೋರೂಮಿನಲ್ಲಿ ಟ್ರೈಲರ್ ಎಳೆಯುವ ಮಾತೆತ್ತಿದರೆ ಸಾಕು, ಬ್ರೇಕ್ ಕಂಟ್ರೋಲರ್ ಬಗ್ಗೆ ಸಿದ್ಧ ಉತ್ತರವೊಂದು ಎದುರಾಗುತ್ತದೆ. ಹೊಸ ಟ್ರಕ್ ಆದರೆ ಕಂಪನಿಯೇ ಕೂರಿಸಿ ಕೊಟ್ಟದ್ದನ್ನು ತೆಗೆದುಕೊಳ್ಳಿ, ಇನ್ನು ಯೋಚನೆ ಬೇಡ. ಹಳೆಯದಾದರೆ ಟೆಕಾನ್ಶಾದ ಪ್ರಾಡಿಜಿ ಪಿ3 ಹಾಕಿಸಿ, ಕಣ್ಣು ಮುಚ್ಚಿಕೊಂಡು ಓಡಿಸಿ. ಅಗ್ಗದ ಟೈಮ್ ಡಿಲೇ ಪೆಟ್ಟಿಗೆಯನ್ನು ಮಾತ್ರ ಮುಟ್ಟಬೇಡಿ. ಬಿಡಿಭಾಗದ ಅಂಗಡಿಯವನು, ಕ್ಯಾಂಪ್‌ಗ್ರೌಂಡಿನಲ್ಲಿ ಪಕ್ಕದ ಜಾಗ ಹಿಡಿದ ಹಿರಿಯ, ಯೂಟ್ಯೂಬಿನ ಮೇಷ್ಟ್ರು, ಎಲ್ಲರ ಬಾಯಲ್ಲೂ ಇದೇ ಮಂತ್ರ. ಮಂತ್ರದಲ್ಲಿ ಅಪ್ಪಟ ಸುಳ್ಳು ಎಂಬುದೇನೂ ಇಲ್ಲ. ಆದರೆ ಅದನ್ನು ಜಪಿಸುವವರೆಲ್ಲ ಮುಖ ಮಾಡಿ ಕೂತಿರುವುದು ಡ್ಯಾಶ್‌ಬೋರ್ಡಿನ ಕಡೆಗೆ. ಗಾಡಿಯನ್ನು ನಿಲ್ಲಿಸುವ ಕೆಲಸ ನಡೆಯುವುದು ಅವರ ಬೆನ್ನ ಹಿಂದೆ, ಹತ್ತು ಮೀಟರ್ ಆಚೆ, ಟ್ರೈಲರಿನ ಗಾಲಿಯ ಒಳಗೆ.

ಎತ್ತಿನ ಗಾಡಿ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏರಿನಲ್ಲಿ ಎತ್ತು ಗಾಡಿಯನ್ನು ಎಳೆಯುತ್ತದೆ, ಇಳಿಜಾರಿನಲ್ಲಿ ಗಾಡಿ ಎತ್ತನ್ನು ತಳ್ಳುತ್ತದೆ. ನೊಗ ಮುಂದೆ ಸರಿದು ಕೊಂಬಿನ ಬುಡಕ್ಕೆ ಒತ್ತಿಕೊಂಡಾಗ ಹಗ್ಗ ಎಷ್ಟು ಜಗ್ಗಿದರೂ ಪ್ರಯೋಜನವಿಲ್ಲ. ಮರದ ತುಂಡನ್ನು ಗಾಡಿಯ ಗಾಲಿಗೇ ಒತ್ತಿ ಹಿಡಿಯಬೇಕು. ಎರಡೂವರೆ ಟನ್ನಿನ ಪಿಕಪ್ ಹಿಂದೆ ಮೂರು ಟನ್ನಿನ ಟ್ರಾವೆಲ್ ಟ್ರೈಲರ್ ಹೊರಟರೆ ನಡೆಯುವುದೂ ಇದೇ. ಎತ್ತಿಗಿಂತ ಗಾಡಿ ಭಾರ. ವೇಗ ಗಂಟೆಗೆ 55 ಮೈಲಿಯಿಂದ 65ಕ್ಕೆ ಏರಿದರೆ, ಅಂದರೆ 88 ಕಿಲೋಮೀಟರಿನಿಂದ 105ಕ್ಕೆ, ನಿಲ್ಲಿಸುವಾಗ ಶಾಖವಾಗಿ ಕರಗಿಸಬೇಕಾದ ಶಕ್ತಿ ಸುಮಾರು ಶೇಕಡ 40ರಷ್ಟು ಹೆಚ್ಚುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಟ್ರೈಲರಿನದು. ಅದನ್ನು ಟ್ರೈಲರೇ ಕರಗಿಸಬೇಕು, ಇಲ್ಲದಿದ್ದರೆ ಟ್ರಕ್ಕಿನ ಬ್ರೇಕಿನ ತಲೆಗೆ ಕಟ್ಟಬೇಕು.

ಕರಗಿಸುವ ಯಂತ್ರ ಹಳೆಯ ಕಾಲದ್ದು. ವಿಸ್ಕಾನ್ಸಿನ್ ರಾಜ್ಯದ ಬೆಲಾಯಿಟ್ ಊರಿನ ಆರ್ಥರ್ ವಾರ್ನರ್ ಮೋಟಾರು ಕಾರಿನ ಸ್ಪೀಡೋಮೀಟರಿನಿಂದ ಹೆಸರು ಮಾಡಿದವರು. 1909ರಲ್ಲಿ ಸ್ವಂತಕ್ಕೆ ವಿಮಾನ ಕೊಂಡು ಹಾರಿಸಿದ ಉತ್ಸಾಹಿ. ಅವರ ವಾರ್ನರ್ ಎಲೆಕ್ಟ್ರಿಕ್ ಬ್ರೇಕ್ ಕಂಪನಿ ಶುರುವಾದದ್ದು 1927ರಲ್ಲಿ. ಇಂದು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತಲಿನ ಕಾರ್ಖಾನೆಗಳಿಂದ ಹೊರಬೀಳುವ ಟ್ರೈಲರುಗಳ ಗಾಲಿಯಲ್ಲೂ ತತ್ತ್ವ ಅದೇ. ಗಾಲಿಯ ಜೊತೆ ತಿರುಗುವ ಡ್ರಮ್ಮಿನ ಒಳಮುಖಕ್ಕೆ ಎದುರಾಗಿ ಮುಷ್ಟಿ ಗಾತ್ರದ ಒಂದು ವಿದ್ಯುತ್ಕಾಂತ. ಕರೆಂಟು ಬಂದಾಗ ಅದು ತಿರುಗುವ ಡ್ರಮ್ಮಿಗೆ ಅಂಟಿಕೊಳ್ಳಲು ಹೋಗಿ ಅದರ ಜೊತೆಗೇ ಎಳೆದುಕೊಂಡು ಸಾಗುತ್ತದೆ, ಸಾಗುತ್ತಾ ಒಂದು ಸನ್ನೆಯನ್ನು ತಳ್ಳುತ್ತದೆ, ಸನ್ನೆ ಬ್ರೇಕ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಕರೆಂಟು ಹೆಚ್ಚಾದಷ್ಟೂ ಹಿಡಿತ ಬಿಗಿ. ಟ್ರಕ್ಕಿನಲ್ಲಿ ಕೂತ ಕಂಟ್ರೋಲರಿನ ಕೆಲಸ ಒಂದೇ: ಎಷ್ಟು ಕರೆಂಟು, ಯಾವಾಗ ಎಂದು ನಿರ್ಧರಿಸಿ ಏಳು ಪಿನ್ನಿನ ಸಾಕೆಟ್ಟಿನ ಮೂಲಕ ನೀಲಿ ತಂತಿಯಲ್ಲಿ ಕಳಿಸುವುದು. ಕಳಿಸಿದ್ದು ತಲುಪಿತೇ, ತಲುಪಿದ್ದು ಕೆಲಸ ಮಾಡಿತೇ ಎಂಬುದು ಅದರ ಕೈಯಲ್ಲಿಲ್ಲ.

ಹಾಗಿದ್ದೂ ಚರ್ಚೆಯೆಲ್ಲ ಕಳಿಸುವವನ ಜಾತಕದ ಮೇಲೆ. ಟೈಮ್ ಡಿಲೇ ಮಾದರಿಗೆ ಬುದ್ಧಿ ಕಡಿಮೆ ಎಂಬುದು ನಿಜ. ಬ್ರೇಕ್ ದೀಪ ಹೊತ್ತಿಕೊಂಡ ಕೂಡಲೇ ಅದು ಎಣಿಸತೊಡಗುತ್ತದೆ, ಮೊದಲೇ ಗೊತ್ತುಮಾಡಿದ ಮಟ್ಟಕ್ಕೆ ಕರೆಂಟನ್ನು ಏರಿಸುತ್ತದೆ. ಸಿಗ್ನಲ್ ಹತ್ತಿರ ಮೆಲ್ಲಗೆ ಕಾಲಿಟ್ಟರೂ ಅಷ್ಟೇ, ಎದುರಿಗೆ ಜಿಂಕೆ ನುಗ್ಗಿದಾಗ ಪೆಡಲ್ ತುಳಿದರೂ ಅಷ್ಟೇ. ಪ್ರಪೋರ್ಷನಲ್ ಮಾದರಿ ಟ್ರಕ್ಕಿನ ವೇಗ ಎಷ್ಟು ಬಿರುಸಾಗಿ ಇಳಿಯುತ್ತಿದೆ ಎಂದು ಅಳೆಯುತ್ತದೆ. ಹಿಂದೆ ತೂಗುವ ಲೋಲಕದಿಂದ, ಈಗ ಆಕ್ಸೆಲರೋಮೀಟರ್ ಚಿಪ್ಪಿನಿಂದ. ಟ್ರಕ್ ಜೋರಾಗಿ ಕುಗ್ಗಿದರೆ ಟ್ರೈಲರಿಗೂ ಜೋರು, ಮೆಲ್ಲಗೆ ಕುಗ್ಗಿದರೆ ಮೆಲ್ಲಗೆ. ಎರಡನೆಯದು ಮೇಲು ಎನ್ನುವುದಕ್ಕೆ ಯಾರ ತಕರಾರೂ ಇಲ್ಲ. ತಕರಾರು ಇರುವುದು, ಮೇಲಾದ ಪೆಟ್ಟಿಗೆ ಕೊಂಡ ಕೂಡಲೇ ಬ್ರೇಕಿನ ಚಿಂತೆ ತೀರಿತು ಎಂಬ ನಂಬಿಕೆಯ ಮೇಲೆ.

ಲೋಲಕದ ಕಾಲದಲ್ಲಿ ಆ ನಂಬಿಕೆ ಬೇಗ ಬಯಲಾಗುತ್ತಿತ್ತು. ಪೆಟ್ಟಿಗೆಯನ್ನು ಸರಿಯಾದ ಕೋನದಲ್ಲಿ ಮಟ್ಟ ಮಾಡಿ ಕೂರಿಸದಿದ್ದರೆ ಸಪಾಟು ರಸ್ತೆಯನ್ನೇ ಅದು ಇಳಿಜಾರೆಂದು ತಿಳಿದು ಟ್ರೈಲರನ್ನು ಕಚ್ಚಿ ಹಿಡಿಯುತ್ತಿತ್ತು, ಇಲ್ಲವೇ ನಿದ್ದೆ ಮಾಡುತ್ತಿತ್ತು. ಇಂದಿನ ಚಿಪ್ಪು ತನ್ನ ಮಟ್ಟವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಆದರೆ ಅದಕ್ಕೂ ಒಂದು ಹುಟ್ಟುಕುರುಡಿದೆ: ಟ್ರಕ್ ಕುಗ್ಗಿದ ಮೇಲಷ್ಟೇ ಅದಕ್ಕೆ ಸುದ್ದಿ ಮುಟ್ಟುವುದು. ಹಿಮಗಟ್ಟಿದ ರಸ್ತೆಯಲ್ಲಿ ಟ್ರಕ್ಕಿನ ಚಕ್ರ ಹಿಡಿತ ತಪ್ಪಿ ಜಾರುತ್ತಿದ್ದರೆ ವೇಗ ಇಳಿಯುವುದೇ ಇಲ್ಲ. ಚಿಪ್ಪಿನ ಪಾಲಿಗೆ ಅಲ್ಲಿ ಏನೂ ನಡೆದಿಲ್ಲ.

ಇದಕ್ಕೆ ಚೆಂದದ ಸಾಕ್ಷಿ ಆಸ್ಟ್ರೇಲಿಯಾದಲ್ಲಿದೆ. ಅಡಿಲೇಡಿನ ರೆಡಾರ್ಕ್ ಕಂಪನಿಯ ಟೋ-ಪ್ರೋ ಎಲೀಟ್ ಅಲ್ಲಿನ ಕಾರವಾನ್ ಪ್ರಿಯರ ಕಣ್ಮಣಿ. ಅಮೆರಿಕದಲ್ಲೂ ಅದಕ್ಕೆ ಭಕ್ತರಿದ್ದಾರೆ. ಅದರಲ್ಲಿ ಎರಡು ಕ್ರಮಗಳಿವೆ. ಒಂದು ಟಾರು ರಸ್ತೆಗೆ, ಆಕ್ಸೆಲರೋಮೀಟರ್ ನೋಡಿಕೊಂಡು ನಡೆಯುವ ಪ್ರಪೋರ್ಷನಲ್. ಇನ್ನೊಂದು ಮರಳು, ಜಲ್ಲಿ, ಕಾಡುಹಾದಿಗೆ. ಅಲ್ಲಿ ಬ್ರೇಕ್ ಮುಟ್ಟಿದಾಗಲೆಲ್ಲ ಚಾಲಕ ಗುಂಡಿ ತಿರುಗಿಸಿ ನಿಲ್ಲಿಸಿದಷ್ಟು ಕರೆಂಟು ಹೋಗುತ್ತದೆ, ವೇಗ ಎಷ್ಟು ಕುಗ್ಗಿತೆಂಬ ವಿಚಾರಣೆ ಇಲ್ಲ. ಅಂದರೆ ಅಮೆರಿಕದ ಅಂಗಡಿಯವನು ಪಾಪವೆಂದು ತಳ್ಳಿದ ಗುಣವನ್ನೇ ಈ ಹೆಸರಾಂತ ಯಂತ್ರ ಒಂದು ಸೌಲಭ್ಯವಾಗಿ ಕೊಡುತ್ತದೆ. ಒಳ್ಳೆಯ ಕಂಟ್ರೋಲರ್ ಯಾವುದು ಎಂಬುದಕ್ಕೆ ರಸ್ತೆಯನ್ನು ಬಿಟ್ಟು ಉತ್ತರವಿಲ್ಲ ಎಂಬುದು ಅದನ್ನು ಕಟ್ಟಿದವರಿಗೆ ಗೊತ್ತಿತ್ತು.

ಈಗ ಮಂತ್ರದ ಮೊದಲ ಸಾಲಿಗೆ ಬರೋಣ. ಕಾರ್ಖಾನೆಯಲ್ಲೇ ಕೂರಿಸಿದ ಕಂಟ್ರೋಲರನ್ನು ಫೋರ್ಡ್ ಮೊದಲು ತಂದದ್ದು 2005ರ ಸೂಪರ್ ಡ್ಯೂಟಿ ಟ್ರಕ್ಕಿನಲ್ಲಿ. ಜನರಲ್ ಮೋಟಾರ್ಸ್, ರ‍್ಯಾಮ್, ಟೊಯೊಟಾ ಹಿಂಬಾಲಿಸಿದವು. ಅದರ ಗುಣವನ್ನು ಅಲ್ಲಗಳೆಯುವುದು ದಡ್ಡತನವಾದೀತು. ಪೆಡಲ್ ಎಷ್ಟು ಒತ್ತಿದೆ ಎಂಬುದನ್ನು ಬ್ರೇಕ್ ಎಣ್ಣೆಯ ಒತ್ತಡದಿಂದಲೇ ಓದಿಕೊಳ್ಳುವುದರಿಂದ ಟ್ರಕ್ ಕುಗ್ಗುವ ತನಕ ಕಾಯಬೇಕಿಲ್ಲ. ಚಕ್ರ ಜಾಮ್ ಆಗದಂತೆ ಕಾಯುವ ಟ್ರಕ್ಕಿನ ಎಬಿಎಸ್ ಜೊತೆ ಅದು ಮಾತಾಡುತ್ತದೆ. ಟ್ರೈಲರ್ ಬಾಲ ಬೀಸತೊಡಗಿದರೆ ಜನರಲ್ ಮೋಟಾರ್ಸ್‌ನ ಸ್ಟೆಬಿಲಿಟ್ರ್ಯಾಕ್ ಎಂಬ ಸ್ಥಿರತೆಯ ಏರ್ಪಾಟು ಟ್ರೈಲರಿನ ಬ್ರೇಕನ್ನೂ ಹಾಕಬಲ್ಲದು. ಇದೆಲ್ಲ ಸರಿ.

ಆದರೆ ಇದು ಹೊಸ ಅವತಾರ ಎಂದು ಮಾರುವವರು ಕೆಲ್ಸಿ-ಹೇಯ್ಸ್ ಹೆಸರನ್ನು ಮರೆತಿದ್ದಾರೆ. ದಶಕಗಳ ಹಿಂದೆ ಆ ಕಂಪನಿಯ ಕಂಟ್ರೋಲರಿಗೆ ಟ್ರಕ್ಕಿನ ಬ್ರೇಕ್ ಎಣ್ಣೆಯ ಕೊಳವೆಯಿಂದಲೇ ಒಂದು ಸಣ್ಣ ಕವಲು ಎಳೆಯುತ್ತಿದ್ದರು. ಕಾಲು ಒತ್ತಿದಷ್ಟೂ ಒತ್ತಡ, ಒತ್ತಡದಷ್ಟೂ ಕರೆಂಟು. ಎಬಿಎಸ್ ಬಂದ ಮೇಲೆ ಬ್ರೇಕ್ ಕೊಳವೆಗೆ ಹೊರಗಿನವರು ಕೈ ಹಾಕಕೂಡದು ಎಂದು ಟ್ರಕ್ ಕಂಪನಿಗಳು ಬೇಲಿ ಹಾಕಿದವು, ಆ ಪೆಟ್ಟಿಗೆಗಳು ಮೂಲೆ ಸೇರಿದವು. ಬೇಲಿ ಹಾಕಿದವರೇ ಆಮೇಲೆ ಒಳಗಿನಿಂದ ಅದೇ ಒತ್ತಡವನ್ನು ಓದಿ, ಟೋ ಪ್ಯಾಕೇಜ್ ಎಂದು ಹೆಸರಿಟ್ಟು, ಬಿಲ್ಲಿಗೆ ಸೇರಿಸಿದರು. ವ್ಯಾಪಾರದಲ್ಲಿ ಇದು ತಪ್ಪೇನಲ್ಲ. ಆದರೆ ಪವಾಡವೂ ಅಲ್ಲ.

‘ಇನ್ನು ಯೋಚನೆ ಬೇಡ’ ಎಂಬ ಆ ಬಾಲವೇ ಅಪಾಯಕಾರಿ. ಫೋರ್ಡಿನ ಮೊದಮೊದಲ ಕಂಟ್ರೋಲರ್ ವಿದ್ಯುತ್ ಡ್ರಮ್ ಬ್ರೇಕಿಗಷ್ಟೇ ಹೊಂದುತ್ತಿತ್ತು. ಭಾರಿ ಟ್ರೈಲರುಗಳಲ್ಲಿ ಡಿಸ್ಕ್ ಬ್ರೇಕನ್ನು ಎಣ್ಣೆಯ ಒತ್ತಡದಿಂದ ನಡೆಸಲು ಎಲೆಕ್ಟ್ರಿಕ್ ಓವರ್ ಹೈಡ್ರಾಲಿಕ್ ಎಂಬ ಪಂಪು ಇರುತ್ತದಲ್ಲ, ಅದರ ಭಾಷೆ ಆ ಕಂಟ್ರೋಲರಿಗೆ ತಿಳಿಯುತ್ತಿರಲಿಲ್ಲ. ದುಬಾರಿ ಟ್ರಕ್ ಕೊಂಡು, ಅದಕ್ಕಿಂತ ದುಬಾರಿಯ, ಕುದುರೆ ಸಾಗಿಸುವ ಟ್ರೈಲರ್ ಕೊಂಡು, ಎರಡಕ್ಕೂ ಮಾತುಕತೆ ಇಲ್ಲ ಎಂಬುದು ಆಮೇಲೆ ಗೊತ್ತಾದರೆ ಯಾರಿಗೆ ಹೇಳುವುದು? ಅಂದು ಡ್ಯಾಶ್‌ಬೋರ್ಡಿನ ಕೆಳಗೆ ತೂಗುವ ಇನ್ನೂರು ಡಾಲರ್ ಆಸುಪಾಸಿನ ಪಿ3ರಲ್ಲಿ ಆ ಬಗೆಯ ಬ್ರೇಕಿಗೆಂದೇ ಆಯ್ಕೆಯೊಂದು ಇತ್ತು. ಇಂದಿನ ಟ್ರಕ್ಕುಗಳಲ್ಲಿ ಈ ಕೊರತೆ ಬಹುಮಟ್ಟಿಗೆ ತುಂಬಿದೆ. ಆದರೆ ಹಳೆಯ ಟ್ರಕ್ಕುಗಳು ಕೈಯಿಂದ ಕೈಗೆ ಮಾರಾಟವಾಗುತ್ತಲೇ ಇರುತ್ತವೆ, ಅವುಗಳ ಜೊತೆ ಹಳೆಯ ಮಂತ್ರವೂ.

ಪಿ3ರನ್ನು ಹೊಗಳುವವರೂ ಹೊಗಳಬೇಕಾದ್ದನ್ನು ಹೊಗಳುವುದಿಲ್ಲ. ಅದರ ದೊಡ್ಡ ಗುಣ ಬಣ್ಣದ ಪರದೆಯಲ್ಲ, ಬ್ರ್ಯಾಂಡಿನ ಹೆಸರೂ ಅಲ್ಲ. ನೀಲಿ ತಂತಿಯಲ್ಲಿ ಎಷ್ಟು ಆಂಪಿಯರ್ ಹರಿಯುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಟ್ರಕ್ಕಿನೊಳಗಿನ ಕಂಟ್ರೋಲರುಗಳಲ್ಲಿ ಬಹುಪಾಲಿನವು, ಹೆಚ್ಚೆಂದರೆ ಎಷ್ಟು ಕರೆಂಟು ಕಳಿಸಬೇಕೆಂದು ಚಾಲಕ ಹೊಂದಿಸಿದ ಗೇನ್ ಎಂಬ ಸಂಖ್ಯೆಯನ್ನೋ ಅಡ್ಡಪಟ್ಟಿಯನ್ನೋ ತೋರಿಸಿ ಸುಮ್ಮನಾಗುತ್ತವೆ. ಅದು ಟಪಾಲು ಹಾಕಿದ್ದಕ್ಕೆ ಅಂಚೆ ಕಚೇರಿ ಕೊಟ್ಟ ರಸೀದಿ. ತಲುಪಿದ್ದಕ್ಕೆ ಸಹಿ ಹಾಕಿಸಿಕೊಂಡು ಬಂದ ಕಾರ್ಡಲ್ಲ.

ತಲುಪುತ್ತದೆಯೇ ಎಂಬ ಲೆಕ್ಕವನ್ನು ಹೈಸ್ಕೂಲಿನ ಓಮನ ನಿಯಮದಿಂದಲೇ ಹಾಕಬಹುದು. ಹನ್ನೆರಡು ಅಂಗುಲದ ಡ್ರಮ್ಮಿನೊಳಗಿನ ವಿದ್ಯುತ್ಕಾಂತದ ರೋಧ ಸುಮಾರು 3.2 ಓಮ್. ಎರಡು ಅಚ್ಚಿನ ಟ್ರೈಲರಿನಲ್ಲಿ ನಾಲ್ಕು ಕಾಂತಗಳು, ಒಟ್ಟು ರೋಧ 0.8 ಓಮ್. ತಂತಿಯಲ್ಲಿ ನಷ್ಟವೇ ಇಲ್ಲದಿದ್ದರೆ 12 ವೋಲ್ಟಿಗೆ 15 ಆಂಪಿಯರ್ ಹರಿಯಬೇಕು. ಈಗ ಕಂಟ್ರೋಲರಿನಿಂದ ಗಾಲಿಯವರೆಗೆ 30 ಅಡಿ ಎಂದಿಟ್ಟುಕೊಂಡು, ಹೋಗಲೂ ಬರಲೂ 16 ಗೇಜಿನ ತೆಳು ತಂತಿ ಎಳೆದರೆ ತಂತಿಯ ರೋಧವೇ ಹೆಚ್ಚುಕಡಿಮೆ 0.24 ಓಮ್. ಕಾಂತಗಳ ಪಾಲಿಗೆ ಉಳಿಯುವುದು ಒಂಬತ್ತು ವೋಲ್ಟಿಗಿಂತ ಚೂರು ಹೆಚ್ಚು. ಕಾಲು ಭಾಗದಷ್ಟು ವೋಲ್ಟು ದಾರಿಯಲ್ಲೇ ಮಾಯ! ಅದೇ ದೂರಕ್ಕೆ 10 ಗೇಜಿನ ದಪ್ಪ ತಂತಿ ಎಳೆದರೆ ಹನ್ನೊಂದು ವೋಲ್ಟಿಗೆ ಮೋಸವಿಲ್ಲ. ಇದು ತಾಮ್ರದ ತಂತಿ ಹೊಚ್ಚ ಹೊಸದಾಗಿ, ಎಲ್ಲ ಜೋಡಣೆ ಬೆಸುಗೆಯಾಗಿದ್ದಾಗಿನ ಮಾತು. ಟ್ರೈಲರಿನ ಹೊಟ್ಟೆಯ ಕೆಳಗೆ ತಂತಿಯ ಮೈಗೆ ಕಚ್ಚಿಸಿದ ನೀಲಿ ಪ್ಲಾಸ್ಟಿಕ್ ಕ್ಲಿಪ್ಪುಗಳು, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು, ತುಕ್ಕು ಹಿಡಿದ ಗ್ರೌಂಡ್ ಬೋಲ್ಟು ಇವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಕಳಪೆ ತಂತಿಯ ತುದಿಗೆ ಕಟ್ಟಿದ ಇನ್ನೂರು ಡಾಲರಿನ ಕಂಟ್ರೋಲರಿಗಿಂತ ಸರಿಯಾದ ತಂತಿಯ ತುದಿಗೆ ಕಟ್ಟಿದ ಎಪ್ಪತ್ತು ಡಾಲರಿನದೇ ಗಾಲಿಗೆ ಹೆಚ್ಚು ಅನ್ನ ಹಾಕುತ್ತದೆ. ಗೇನ್ ಏರಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಹದಿನಾರು ವೋಲ್ಟು ಹಿಂಡುವ ಗುಂಡಿ ಯಾವ ಪೆಟ್ಟಿಗೆಯಲ್ಲೂ ಇಲ್ಲ.

ಕರೆಂಟು ತಲುಪಿತು ಎಂದೇ ಇಟ್ಟುಕೊಳ್ಳೋಣ. ಶೂ ಮತ್ತು ಡ್ರಮ್ಮಿನ ನಡುವೆ ಅಂತರ ಹೆಚ್ಚಿದ್ದರೆ ಕಾಂತ ಎಳೆದ ಎಳೆತವೆಲ್ಲ ಆ ಅಂತರ ದಾಟುವುದಕ್ಕೇ ಖರ್ಚಾಗುತ್ತದೆ. ಕಾರಿನ ಡ್ರಮ್ ಬ್ರೇಕುಗಳು ತಾವೇ ಅಂತರ ಸರಿಪಡಿಸಿಕೊಂಡು ದಶಕಗಳಾದವು. ಟ್ರೈಲರಿನಲ್ಲಿ ಅಂಥ ಬ್ರೇಕು ಸಿಗುತ್ತದೆ, ಎಲ್ಲರೂ ಹಾಕುವುದಿಲ್ಲ. ಎಲ್ಕ್‌ಹಾರ್ಟಿನ ಡೆಕ್ಸ್ಟರ್ ಕಂಪನಿ ತನ್ನ ಕೈಯಿಂದ ಸರಿಪಡಿಸುವ ಬ್ರೇಕುಗಳ ಬಗ್ಗೆ ಹೇಳುವುದು ಇಷ್ಟು: ಮೊದಲ 200 ಮೈಲಿ ಆದ ಮೇಲೆ ಒಮ್ಮೆ, ಆಮೇಲೆ ಪ್ರತಿ 3,000 ಮೈಲಿಗೊಮ್ಮೆ ಅಂತರ ಬಿಗಿ ಮಾಡಬೇಕು. ಫ್ಲಾರಿಡಾದಿಂದ ಯೆಲ್ಲೋಸ್ಟೋನಿಗೆ ಹೋಗಿಬಂದರೆ 3,000 ಮೈಲಿ ಯಾವಾಗಲೋ ಮುಗಿದಿರುತ್ತದೆ. ಟ್ರಕ್ಕಿನ ಎಣ್ಣೆಯನ್ನು ದಿನ ಎಣಿಸಿ ಬದಲಿಸುವ ಮನುಷ್ಯನಿಗೆ ಟ್ರೈಲರಿನ ಗಾಲಿಯ ಹಿಂದೆ ರಬ್ಬರ್ ಮುಚ್ಚಳವೊಂದಿದೆ, ಅದರ ಒಳಗೆ ಈ ಅಂತರ ಬಿಗಿ ಮಾಡುವ ನಕ್ಷತ್ರಾಕಾರದ ಚಕ್ರವೊಂದಿದೆ ಎಂಬುದು ಎಷ್ಟೋ ಸಲ ಗೊತ್ತಿರುವುದಿಲ್ಲ. ಹೊಸ ಶೂ ಹಾಕಿದ ಮೇಲೆ ಗಂಟೆಗೆ 40 ಮೈಲಿಯಿಂದ 20ಕ್ಕೆ ಮತ್ತೆ ಮತ್ತೆ ಇಳಿಸಿ ಶೂವನ್ನೂ ಕಾಂತವನ್ನೂ ಡ್ರಮ್ಮಿಗೆ ಹದವಾಗಿ ಉಜ್ಜಿಸಬೇಕು. ಅದಿಲ್ಲದೆ ಬ್ರೇಕಿಗೆ ಪೂರ್ತಿ ಶಕ್ತಿ ಬರುವುದಿಲ್ಲ. ಹೊಸ ಟ್ರೈಲರ್ ಕೊಂಡ ದಿನವೇ ‘ಈ ಕಂಟ್ರೋಲರ್ ಸರಿಯಿಲ್ಲ’ ಎಂದು ಅಂಗಡಿಗೆ ಹಿಂತಿರುಗಿಸುವವರ ಕೋಪಕ್ಕೆ ಎಷ್ಟೋ ಸಲ ಕಾರಣ ಈ ಉಜ್ಜಾಟ ನಡೆಯದಿರುವುದು.

ಅತಿಯಾದ ಭಕ್ತಿಯೂ ಬ್ರೇಕನ್ನು ಕೊಲ್ಲುತ್ತದೆ. ಇ-ಝೀ ಲ್ಯೂಬ್ ಎಂಬ ಏರ್ಪಾಟಿರುವ ಅಚ್ಚುಗಳಲ್ಲಿ ಗಾಲಿ ಬಿಚ್ಚದೆಯೇ ಬೇರಿಂಗಿಗೆ ಗ್ರೀಸ್ ತುಂಬಬಹುದು. ಚಕ್ರ ತಿರುಗಿಸದೆ, ಗನ್ನಿನಿಂದ ಜೋರಾಗಿ ಒತ್ತಿದರೆ ಗ್ರೀಸ್ ಸೀಲ್ ದಾಟಿ ಡ್ರಮ್ಮಿನೊಳಗೆ ಇಳಿಯುತ್ತದೆ. ಗ್ರೀಸ್ ಕುಡಿದ ಶೂ ಸೋಪು ಹಚ್ಚಿದ ಕೈಯಿದ್ದಂತೆ. ಗಾಲಿಯ ಗ್ರೀಸ್ ಬಗ್ಗೆ ಇಷ್ಟು ಮುತುವರ್ಜಿ ವಹಿಸಿದವನು ಡ್ರಮ್ ಬಿಚ್ಚಿ ನೋಡುವುದಿಲ್ಲ, ಕಂಟ್ರೋಲರ್ ಬದಲಿಸುತ್ತಾನೆ.

ಕಾನೂನು ಏನು ಮಾಡುತ್ತಿದೆ? ಗಾಳಿ ಬ್ರೇಕಿನ ದೊಡ್ಡ ಟ್ರೈಲರುಗಳಿಗೆ ಅಮೆರಿಕದಲ್ಲಿ ಎಫ್‌ಎಂವಿಎಸ್‌ಎಸ್ 121 ಎಂಬ ಫೆಡರಲ್ ಮಾನದಂಡವಿದೆ. ಮನೆಮಂದಿ ಎಳೆದುಕೊಂಡು ಹೋಗುವ ವಿದ್ಯುತ್ ಡ್ರಮ್ಮಿನ ಟ್ರೈಲರ್ ಇಂತಿಷ್ಟು ದೂರದಲ್ಲಿ ನಿಲ್ಲಲೇಬೇಕು ಎಂದು ಕಾರ್ಖಾನೆಗೆ ಹೇಳುವ ಅಂಥ ಮಾನದಂಡ ಇಲ್ಲ. ಎಷ್ಟು ತೂಕದ ಮೇಲೆ ಬ್ರೇಕ್ ಇರಬೇಕು ಎಂಬುದನ್ನು ರಾಜ್ಯಗಳು ತಂತಮ್ಮ ಇಷ್ಟದಂತೆ ಬರೆದುಕೊಂಡಿವೆ. ಬಹಳ ಕಡೆ ಗೆರೆ 3,000 ಪೌಂಡಿಗೆ, ಅಂದರೆ 1,360 ಕಿಲೋಗೆ ಇದೆ. ಕ್ಯಾಲಿಫೋರ್ನಿಯಾ ಕ್ಯಾಂಪ್ ಟ್ರೈಲರುಗಳಿಗೆ 1,500 ಪೌಂಡಿಗೇ ಗೆರೆ ಎಳೆದಿದೆ. ರಾಜ್ಯದ ಗಡಿ ದಾಟಿದಾಗ ಗಾಡಿಯ ಜಡತ್ವ ಬದಲಾಗುವುದಿಲ್ಲ. ಆದರೂ ‘ಮೂರು ಸಾವಿರಕ್ಕಿಂತ ಕಡಿಮೆ, ಬ್ರೇಕ್ ಬೇಕಿಲ್ಲ’ ಎಂಬ ಮಾತು ಭೌತಶಾಸ್ತ್ರದ ಸೂತ್ರದಂತೆ ಓಡಾಡುತ್ತಿದೆ. ವಾಣಿಜ್ಯ ವಾಹನಗಳ ಫೆಡರಲ್ ನಿಯಮ ಕೂಡ ಆ ಮೂರು ಸಾವಿರದ ವಿನಾಯಿತಿಗೆ ಇನ್ನೊಂದು ಷರತ್ತು ಜೋಡಿಸಿದೆ: ಟ್ರೈಲರಿನ ತೂಕ ಎಳೆಯುವ ವಾಹನದ ತೂಕದ ಶೇಕಡ 40 ಮೀರಬಾರದು. ಮಂತ್ರ ಹೇಳುವವರು ಮೊದಲರ್ಧ ಹೇಳಿ ಉಸಿರು ಬಿಡುತ್ತಾರೆ.

ಜಾಹೀರಾತಿನ ಪಾಲೂ ಇದರಲ್ಲಿದೆ. ಟ್ರಕ್ ಎಷ್ಟು ಎಳೆಯಬಲ್ಲದು ಎಂದು ಅಳೆಯುವ ಎಸ್‌ಎಇ ಜೆ2807 ಮಾನದಂಡ 2008ರಲ್ಲಿ ಬಂತು. ಮೊದಲು ಒಪ್ಪಿಕೊಂಡದ್ದು ಟೊಯೊಟಾ. ಅದರ ಪ್ರಸಿದ್ಧ ಪರೀಕ್ಷೆ ಅರಿಜೋನಾದ ಡೇವಿಸ್ ಡ್ಯಾಮ್ ಏರು: ಬೇಸಿಗೆಯ ಬಿಸಿಲಲ್ಲಿ ಎಸಿ ಪೂರ್ತಿ ಹಾಕಿಕೊಂಡು 11.4 ಮೈಲಿ ಹತ್ತುವುದು. ಅದೇ ಮಾನದಂಡದಲ್ಲಿ ಬ್ರೇಕಿಗೂ ಪರೀಕ್ಷೆಗಳಿವೆ, ಆದರೆ ಜಾಹೀರಾತಿನಲ್ಲಿ ಟ್ರಕ್ ಸದಾ ಹತ್ತುತ್ತಲೇ ಇರುತ್ತದೆ. ಇಳಿಯುವುದನ್ನು ತೋರಿಸಿ ಟ್ರಕ್ ಮಾರಿದವರನ್ನು ಹುಡುಕಬೇಕು. ಲಾಸ್ ಏಂಜಲೀಸಿನ ಉತ್ತರಕ್ಕೆ ಗ್ರೇಪ್‌ವೈನ್ ಎಂದು ಕರೆಯುವ ಶೇಕಡ 6ರ ಇಳಿಜಾರಿನಲ್ಲಿ, ಬೇ ಏರಿಯಾದ ಕನ್ನಡ ಕುಟುಂಬಗಳು ಯೊಸೆಮಿಟಿಗೆ ಹೋಗುವ 120ನೇ ಹೆದ್ದಾರಿಯ ಪ್ರೀಸ್ಟ್ ಗ್ರೇಡಿನಲ್ಲಿ, ಏರುವಾಗ ಸೋತ ಟ್ರಕ್ ಪಕ್ಕಕ್ಕೆ ನಿಂತುಕೊಳ್ಳುತ್ತದೆ ಅಷ್ಟೆ. ಇಳಿಯುವಾಗ ಸೋತರೆ ಪಕ್ಕಕ್ಕೆ ನಿಲ್ಲಿಸುವುದೇ ಆಗದ ಕೆಲಸ.

ಕಂಟ್ರೋಲರ್ ಎಂಬ ಪೆಟ್ಟಿಗೆಯೇ ಇಲ್ಲದೆ ಬದುಕುವವರೂ ಕಡಿಮೆ ಇಲ್ಲ. ಯೂರೋಪಿನ ಕಾರವಾನುಗಳು 3,500 ಕಿಲೋ ತನಕ ಓವರ್‌ರನ್ ಬ್ರೇಕಿನಲ್ಲಿ ಓಡಾಡುತ್ತವೆ: ಕಾರು ನಿಧಾನವಾದಾಗ ಟ್ರೈಲರ್ ಮುಂದಕ್ಕೆ ತಳ್ಳುತ್ತದಲ್ಲ, ಆ ತಳ್ಳಾಟವೇ ಟ್ರೈಲರಿನ ಬ್ರೇಕನ್ನು ಎಳೆಯುತ್ತದೆ. ಅಮೆರಿಕದಲ್ಲಿ ಇದಕ್ಕೆ ಸರ್ಜ್ ಬ್ರೇಕ್ ಎನ್ನುತ್ತಾರೆ. ದೋಣಿಯ ಟ್ರೈಲರುಗಳಲ್ಲಿ ನೀರಿಗಿಳಿದರೂ ಕೆಡದಿರಲೆಂದು ಬಹುತೇಕ ಇದೇ ಇರುತ್ತದೆ. ಕೆಲಸ ಬದಲಾಗಿ ಡಾಲಸಿನಿಂದ ಸಿಯಾಟಲಿಗೆ ಮನೆ ಸಾಗಿಸಿದ ಕನ್ನಡಿಗನಿಗೂ ಇದರ ಪರಿಚಯ ಇದ್ದೀತು, ಹೆಸರು ಗೊತ್ತಿಲ್ಲದಿದ್ದರೂ. ಯೂ-ಹಾಲ್ ಬಾಡಿಗೆಗೆ ಕೊಡುವ ದೊಡ್ಡ ಮುಚ್ಚಿದ ಟ್ರೈಲರುಗಳಲ್ಲೂ ಕಾರು ಸಾಗಿಸುವ ಟ್ರೈಲರಿನಲ್ಲೂ ಸರ್ಜ್ ಬ್ರೇಕ್ ಇರುವುದರಿಂದಲೇ ಯಾರ ವಾಹನದಲ್ಲಿ ಯಾವ ಪೆಟ್ಟಿಗೆ ಇದೆ ಎಂದು ಅವರು ವಿಚಾರಿಸಬೇಕಾಗಿಲ್ಲ. ಅದರ ಕುಂದೂ ಗೊತ್ತಿರಬೇಕು: ಚಾಲಕನ ಕೈಗೆ ಟ್ರೈಲರಿನ ಬ್ರೇಕ್ ಬೇರೆಯಾಗಿ ಸಿಗುವುದಿಲ್ಲ.

ಆ ಬೇರೆಯಾಗಿ ಸಿಗುವ ಬ್ರೇಕೇ, ಒಂದು ಲೆಕ್ಕದಲ್ಲಿ, ಕಂಟ್ರೋಲರ್ ಕೊಳ್ಳಲು ಇರುವ ಅತಿ ಗಟ್ಟಿ ಕಾರಣ. ಎಲ್ಲ ಕಂಟ್ರೋಲರಿನಲ್ಲೂ ಟ್ರೈಲರಿನ ಬ್ರೇಕನ್ನಷ್ಟೇ ಹಾಕುವ ಒಂದು ಸನ್ನೆಯೋ ಗುಂಡಿಯೋ ಇರುತ್ತದೆ. ಪಕ್ಕದ ಗಾಳಿಗೋ, ದಾಟಿ ಹೋದ ಲಾರಿಯ ಸೆಳೆತಕ್ಕೋ ಟ್ರೈಲರ್ ಅತ್ತಿತ್ತ ಓಲಾಡತೊಡಗಿದಾಗ ಟ್ರಕ್ಕಿನ ಬ್ರೇಕ್ ತುಳಿದರೆ ಓಲಾಟ ಹೆಚ್ಚಬಹುದು. ಟ್ರೈಲರಿನ ಬ್ರೇಕನ್ನು ಮಾತ್ರ ಮೆಲ್ಲಗೆ ಹಿಡಿದರೆ ಅದು ಹಿಂದಕ್ಕೆ ಜಗ್ಗಿ ನೇರವಾಗುತ್ತದೆ. ಅಂಗಡಿಯಲ್ಲಿ ಪರದೆಯ ಬಣ್ಣ ನೋಡುವವರು ನೋಡಬೇಕಾದ್ದು ಈ ಸನ್ನೆಯನ್ನು. ಕತ್ತಲಲ್ಲಿ, ಗಾಬರಿಯಲ್ಲಿ, ಕಣ್ಣು ರಸ್ತೆಯಿಂದ ಕೀಳದೆ ಕೈಗೆ ಸಿಗುತ್ತದೆಯೇ? ಮೊಣಕಾಲಿನ ಮರೆಯಲ್ಲಿ ತಿರುಪು ಹೊಡೆದು ಕೂರಿಸಿದರೆ ಸಿಗುವುದಿಲ್ಲ. ಕರ್ಟ್ ಕಂಪನಿಯ ಎಕೋ ಎಂಬುದು ಟ್ರಕ್ಕಿನ ಹಿಂದಿನ ಸಾಕೆಟ್ಟಿಗೇ ಸಿಕ್ಕಿಸುವ ವೈರ್‌ಲೆಸ್ ಕಂಟ್ರೋಲರ್. ತಂತಿ ಎಳೆಯುವ ಗೋಜಿಲ್ಲ, ಒಂದು ಟ್ರಕ್ಕಿನಿಂದ ಇನ್ನೊಂದಕ್ಕೆ ಒಯ್ಯಬಹುದು, ಎರವಲು ತಂದ ಟ್ರಕ್ಕಿನಲ್ಲಿ ವರ್ಷಕ್ಕೆರಡು ಸಲ ಎಳೆಯುವವನಿಗೆ ಅನುಕೂಲವೇ. ಆದರೆ ಅದರ ಕೈಬ್ರೇಕನ್ನು ಕೊಟ್ಟಿರುವುದು ಮೊಬೈಲಿನ ಆ್ಯಪಿನೊಳಗೆ! ಓಲಾಡುವ ಟ್ರೈಲರನ್ನು ಹಿಂದಿಟ್ಟುಕೊಂಡು ಫೋನಿನ ಗಾಜಿನ ಮೇಲೆ ಬೆರಳಾಡಿಸುವ ಚಾಲಕನನ್ನು ಕಲ್ಪಿಸಿಕೊಂಡರೆ ಸಾಕು.

ಹಾಗಾದರೆ ಆಯ್ಕೆ ಎಲ್ಲಿಂದ ಶುರುವಾಗಬೇಕು? ಟ್ರೈಲರಿನಿಂದ. ಅದರ ಬ್ರೇಕ್ ಡ್ರಮ್ಮೋ, ಎಣ್ಣೆಯ ಡಿಸ್ಕೋ, ಸರ್ಜೋ. ಅಚ್ಚು ಒಂದೋ ಎರಡೋ ಮೂರೋ. ತುಂಬಿದ ತೂಕಕ್ಕೂ ಖಾಲಿ ತೂಕಕ್ಕೂ ಎಷ್ಟು ಅಂತರ. ದಿನವೂ ಅದೇ ಹುಲ್ಲು ಕತ್ತರಿಸುವ ಯಂತ್ರವನ್ನು ಸಪಾಟು ಊರಿನ ಬೀದಿಯಲ್ಲಿ ಎಳೆಯುವವನಿಗೆ ಟೈಮ್ ಡಿಲೇ ಪೆಟ್ಟಿಗೆ ಹೇಳಿಕೊಳ್ಳುವಂಥ ಕೊರತೆ ಮಾಡುವುದಿಲ್ಲ. ಕುದುರೆ ಸಾಗಿಸುವವನಿಗೆ ಮೆತ್ತಗೆ ಹಿಡಿಯುವ ಪ್ರಪೋರ್ಷನಲ್ ಬೇಕೇ ಬೇಕು. ನಿಂತುಕೊಂಡು ಪ್ರಯಾಣಿಸುವ ಪ್ರಾಣಿಗೆ ಪ್ರತಿ ಸಿಗ್ನಲಿನಲ್ಲೂ ಪೆಟ್ಟು. ಟ್ರಕ್ಕಿಗಿಂತ ಟ್ರೈಲರ್ ಭಾರವಾಗಿದ್ದರೆ ಮೊದಲ ಕ್ಷಣದಲ್ಲೇ ಟ್ರೈಲರಿಗೆ ಹೆಚ್ಚು ಕೊಡುವ ಬೂಸ್ಟ್ ಬೇಕು. ಯಾವುದನ್ನೇ ಕೊಂಡರೂ ಗೇನ್ ಹೊಂದಿಸುವ ಕೆಲಸ ತಪ್ಪದು: ಒಣ ಸಪಾಟು ರಸ್ತೆಯಲ್ಲಿ ಗಂಟೆಗೆ 25 ಮೈಲಿ ವೇಗದಲ್ಲಿ ಸನ್ನೆ ಪೂರ್ತಿ ಒತ್ತಿ, ಟ್ರೈಲರಿನ ಚಕ್ರ ಜಾಮ್ ಆಗುವ ಮಟ್ಟ ಕಂಡುಕೊಂಡು, ಅದಕ್ಕಿಂತ ಚೂರು ಕೆಳಗಿಳಿಸುವುದು. ಹೊರೆ ಬದಲಾದರೆ ಮತ್ತೆ ಮಾಡಬೇಕು. ಕಾರ್ಖಾನೆಯಲ್ಲಿ ಕೂರಿಸಿದ ಕಂಟ್ರೋಲರಿನ ಯಜಮಾನರು ಈ ಪರೀಕ್ಷೆ ತಮಗಲ್ಲ ಎಂದುಕೊಂಡಿರುವುದುಂಟು. ಟ್ರಕ್ಕಿನ ಕೈಪಿಡಿಯಲ್ಲಿ ಅವರಿಗೂ ಇದನ್ನೇ ಹೇಳಿದೆ.

ಟ್ರೈಲರಿಗೇ ಬುದ್ಧಿ ತುಂಬುವ ಕೆಲಸ ಈಚೆಗೆ ಶುರುವಾಗಿದೆ. ಡೆಕ್ಸ್ಟರ್, ಲಿಪರ್ಟ್ ಕಂಪನಿಗಳು ಟ್ರಾವೆಲ್ ಟ್ರೈಲರಿನ ಅಚ್ಚಿಗೇ ಎಬಿಎಸ್ ತಂದಿವೆ. ಜಾಮ್ ಆಗುವ ಚಕ್ರವನ್ನು ಅಲ್ಲೇ ಗಮನಿಸಿ ಅಲ್ಲೇ ಸಡಿಲಿಸುತ್ತದೆ. ಕಾರುಗಳಿಗೆ ಇದು ಬಂದು ದಶಕಗಳು ಕಳೆದ ಮೇಲೆ ಟ್ರೈಲರಿನ ಸರದಿ ಬಂದದ್ದೇ ಹೇಳುತ್ತದೆ, ಇಷ್ಟು ಕಾಲ ಎಲ್ಲರೂ ಯಾವ ಕಡೆ ನೋಡುತ್ತಿದ್ದರು ಎಂದು. ಕೊಂಡಿ ಕಳಚಿ ಟ್ರೈಲರ್ ಬೇರೆಯಾದರೆ ತಾನಾಗಿ ಬ್ರೇಕ್ ಹಾಕುವ ಬ್ರೇಕ್‌ಅವೇ ಸ್ವಿಚ್ಚಿನ ಗತಿಯೂ ಅದೇ. ಫೆಡರಲ್ ನಿಯಮದ ಪ್ರಕಾರ ಆ ಬ್ರೇಕ್ ಕನಿಷ್ಠ 15 ನಿಮಿಷ ಹಿಡಿದಿರಬೇಕು. ಹಿಡಿಸಬೇಕಾದ್ದು ಟ್ರೈಲರಿನ ಮೂತಿಯಲ್ಲಿ ಕೂತ ಪುಟ್ಟ ಬ್ಯಾಟರಿ. ಅದು ಸತ್ತು ವರ್ಷವಾಗಿದ್ದರೂ ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ಹಸಿರು.

ಇಷ್ಟಕ್ಕೂ ಆ ನಕ್ಷತ್ರದ ಚಕ್ರ ಬಿಗಿ ಮಾಡುವುದು ಕಷ್ಟದ ವಿದ್ಯೆಯೇನಲ್ಲ. ಟ್ರೈಲರಿಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ನಿಲ್ಲಿಸಿ, ರಬ್ಬರ್ ಮುಚ್ಚಳ ಕಿತ್ತು, ಚಕ್ರ ತಿರುಗಿಸಲು ತೀರಾ ಬಿಗಿಯಾಗುವ ತನಕ ಹಲ್ಲು ಹಲ್ಲಾಗಿ ಏರಿಸಬೇಕು; ಆಮೇಲೆ ಸಲೀಸಾಗಿ ತಿರುಗಿ, ಶೂ ಸಣ್ಣಗೆ ಸವರುವ ಸದ್ದಷ್ಟೇ ಉಳಿಯುವ ತನಕ ಇಳಿಸಬೇಕು. ನಾಲ್ಕು ಚಕ್ರಕ್ಕೆ ಒಂದು ಮಧ್ಯಾಹ್ನ ಸಾಕು. ಅದಕ್ಕೆ ಬೇಕಾದ ಬಾಗಿದ ಚಮಚದಂಥ ಉಪಕರಣ ಅದೇ ಬಿಡಿಭಾಗದ ಅಂಗಡಿಯಲ್ಲಿ, ಕಂಟ್ರೋಲರುಗಳು ಮಿನುಗುವ ಕಪಾಟಿನಿಂದ ಎರಡು ಸಾಲು ಆಚೆ, ಹತ್ತು ಡಾಲರ್ ಆಸುಪಾಸಿಗೆ ಮೊಳೆಗೆ ತೂಗುಹಾಕಿರುತ್ತದೆ.